ಅಮೆರಿಕದ ಅರಿಜೋನಾದ ಫೀನಿಕ್ಸ್‌ನವರು ಹಾರ್ಕಿನ್ಸ್ ಸಿನಿಮಾ ಥಿಯೇಟರ್‌ಗಳು ಅಂದ್ರೆ ಯಾಕೆ ಅಷ್ಟು ಇಷ್ಟಪಡುತ್ತಾರೆ? ಎಎಂಸಿಯಂಥ ದೊಡ್ಡ ಥಿಯೇಟರ್ ಕಂಪನಿ ಎದುರು ಒಂದು ಮನೆಯವರ ಥಿಯೇಟರ್‌ಗಳು ಹೇಗೆ ಉಳಿದವು?

ಫೀನಿಕ್ಸ್ ಪಕ್ಕದ ಚಾಂಡ್ಲರ್‌ಗೆ ಹೊಸದಾಗಿ ಬಂದಿದ್ದೀರಿ, ಆಫೀಸಿನಲ್ಲಿ ಎಲ್ಲರೂ ಹಾರ್ಕಿನ್ಸ್ ಹಾರ್ಕಿನ್ಸ್ ಅಂತಾರೆ, ಅವರು ಮಾರುವ ಆ ಸೋಡಾ ಕಪ್ ತಗೊಳ್ಳೋದು ಲಾಭವೇ ಅಂತಲೂ ಕೇಳಿದ್ದೀರಿ. ನಾನೂ ಈ ಊರಿನಲ್ಲೇ ಇರುವವನು, ಸಿನಿಮಾ ಹುಚ್ಚು ಜಾಸ್ತಿ. ಕಪ್ ವಿಷಯ ಕೊನೆಗೆ ಹೇಳುತ್ತೇನೆ. ಅದಕ್ಕಿಂತ ದೊಡ್ಡ ಕಥೆ ಬೇರೆ ಇದೆ.

ಶುರುವಾಗಿದ್ದು 1933ರಲ್ಲಿ, ಫೀನಿಕ್ಸ್ ಪಕ್ಕದ ಟೆಂಪಿಯಲ್ಲಿ. ಡ್ವೈಟ್ ಹಾರ್ಕಿನ್ಸ್, ಎಲ್ಲರೂ ಕರೆಯುತ್ತಿದ್ದುದು ರೆಡ್ ಅಂತ. ಸಿನ್ಸಿನಾಟಿಯಿಂದ ಮೋಟಾರ್‌ಸೈಕಲ್ ಹತ್ತಿ ಹಾಲಿವುಡ್‌ಗೆ ಅಂತ ಹೊರಟ ಹುಡುಗ ಅರಿಜೋನಾದಲ್ಲೇ ಉಳಿದುಬಿಟ್ಟ. ಸ್ಟೇಟ್ ಥಿಯೇಟರ್ ತೆರೆದಾಗ ವಯಸ್ಸು 18. ಅದೂ ಮಹಾ ಆರ್ಥಿಕ ಕುಸಿತದ ಕಾಲ. 1940ರಲ್ಲಿ ಮಿಲ್ ಅವೆನ್ಯೂನಲ್ಲಿ ಕಾಲೇಜ್ ಥಿಯೇಟರ್ ಬಂತು. ಮುಂದೆ ಅದೇ ವ್ಯಾಲಿ ಆರ್ಟ್ ಆಯಿತು. ಆ ಕಡೆ ಹೋದಾಗ ಒಮ್ಮೆ ನಿಂತು ನೋಡಿ. 1953ರಲ್ಲಿ ರೆಡ್ ಹಾರ್ಕಿನ್ಸ್ ಮೇಸಾದಲ್ಲಿ ಟಿವಿ ಕೇಂದ್ರವನ್ನೂ ಶುರು ಮಾಡಿದ್ದರು. ಫೀನಿಕ್ಸ್‌ನ ಇವತ್ತಿನ ಟಿವಿ ಚಾನೆಲ್ 12ರ ಮೂಲ ಅದೇ.

1974ರಲ್ಲಿ ಅವರು ತೀರಿಕೊಂಡರು. ಮಗ ಡ್ಯಾನ್‌ಗೆ ಆಗ 21 ವರ್ಷ. ಎಎಸ್‌ಯುನಲ್ಲಿ (ಅರಿಜೋನಾ ಸ್ಟೇಟ್ ಯೂನಿವರ್ಸಿಟಿ) ಓದುತ್ತಿದ್ದ ಹುಡುಗನ ಕೈಗೆ ಐದು ಥಿಯೇಟರ್, ಮೇಲೆ ಸಾಲ. ನನ್ನ ಪ್ರಕಾರ ಹಾರ್ಕಿನ್ಸ್‌ನ ನಿಜವಾದ ಕಥೆ ಇಲ್ಲಿಂದ.

ಡ್ಯಾನ್‌ಗೆ ಒಳ್ಳೆ ಸಿನಿಮಾಗಳೇ ಸಿಗುತ್ತಿರಲಿಲ್ಲ. ನಮ್ಮ ಗಾಂಧಿನಗರದಲ್ಲಿ ನಾವು ಕೇಳುವ ದೂರು ಏನು? ಸಿನಿಮಾ ರೆಡಿ ಇದೆ, ಥಿಯೇಟರ್ ಸಿಗುತ್ತಿಲ್ಲ ಅಂತ ಅಲ್ವಾ. ಅಲ್ಲಿ ಉಲ್ಟಾ. ಥಿಯೇಟರ್ ಖಾಲಿ ಇದೆ, ಸಿನಿಮಾ ಕೊಡುವವರಿಲ್ಲ. ಡ್ಯಾನ್ ಆರೋಪ ಏನಂದರೆ, ದೊಡ್ಡ ಥಿಯೇಟರ್ ಕಂಪನಿಗಳು ‘ಈ ಚಿತ್ರ ನಿನಗೆ, ಆ ಚಿತ್ರ ನನಗೆ’ ಅಂತ ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ವಿತರಕರೂ ಅದಕ್ಕೆ ಕೈಜೋಡಿಸುತ್ತಾರೆ. ಹಂಚಿಕೆಯಲ್ಲಿ ಪಾಲಿಲ್ಲದ ಸಣ್ಣವನಿಗೆ ಮೊದಲ ವಾರದ ಹಿಟ್ ಸಿನಿಮಾ ಬರುವುದೇ ಇಲ್ಲ. ಥಿಯೇಟರ್ ನಡೆಸುವವರಿಗೆ ಇದು ಉಸಿರು ಕಟ್ಟಿಸಿದ ಹಾಗೆ. ಪಾಪ್‌ಕಾರ್ನ್ ಎಷ್ಟೇ ರುಚಿಯಾಗಿರಲಿ, ಪರದೆ ಮೇಲೆ ಏನೂ ಇಲ್ಲದಿದ್ದರೆ ಯಾರು ಬರುತ್ತಾರೆ?

1977ರಲ್ಲಿ ಕಂಪನಿ ಕೋರ್ಟಿಗೆ ಹೋಯಿತು. ಎದುರಿಗಿದ್ದದ್ದು ಜನರಲ್ ಸಿನಿಮಾ ಎಂಬ ಥಿಯೇಟರ್ ಕಂಪನಿಯಂಥ ದೈತ್ಯರು, ಜೊತೆಗೆ ವಿತರಕರು. ಕೆಳಗಿನ ಕೋರ್ಟ್ ಕೇಸು ತಳ್ಳಿಹಾಕಿತು. 1988ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಹನ್ನೊಂದು ವರ್ಷ! ಷೇರುದಾರರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕಾದ ಕಂಪನಿ ಇಷ್ಟು ಕಾಲ ಹಟ ಹಿಡಿದು ಕೂರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ರಾಜಿ ಮಾಡಿಕೊಂಡು ಮಾರಿಬಿಡುತ್ತಿತ್ತು. ಮನೆಯವರ ಕೈಯಲ್ಲಿ ಇದ್ದದ್ದರಿಂದಲೇ ಇದು ಆಯಿತು.

ಹಿಟ್ ಸಿನಿಮಾ ಸಿಗದ ಆ ದಿನಗಳಲ್ಲಿ ಬೇರೆಯವರು ಮುಟ್ಟದ ಚಿತ್ರಗಳನ್ನು, ವಿದೇಶಿ ಚಿತ್ರಗಳನ್ನು ತಂದು ಹಾಕಿದರು. ಸ್ಕಾಟ್ಸ್‌ಡೇಲ್‌ನ ಕ್ಯಾಮೆಲ್‌ವ್ಯೂ ಅದಕ್ಕೇ ಹೆಸರುವಾಸಿಯಾಯಿತು. ಈ ಮರಳುಗಾಡಿನ ಊರಿನಲ್ಲಿ ಅಂಥ ಸಿನಿಮಾಗಳಿಗೂ ಪ್ರೇಕ್ಷಕರು ಹುಟ್ಟಿಕೊಂಡದ್ದು ಹೀಗೆ.

ಈಗ ಸಿನೆ ಕ್ಯಾಪ್ರಿ. 1966ರಲ್ಲಿ ಕ್ಯಾಮೆಲ್‌ಬ್ಯಾಕ್ ರಸ್ತೆಯಲ್ಲಿ ಶುರುವಾದ ಒಂಟಿ ಪರದೆಯ ದೊಡ್ಡ ಥಿಯೇಟರ್ ಅದು. 1988ರಲ್ಲಿ, ಅಂದರೆ ಆ ತೀರ್ಪು ಬಂದ ವರ್ಷವೇ, ಹಾರ್ಕಿನ್ಸ್ ಕೈಗೆ ಬಂತು. ಆದರೆ ಜಾಗ ಅವರದಲ್ಲ. ಉಳಿಸಿ ಅಂತ 2 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಆದರೂ 1998ರಲ್ಲಿ ಒಡೆದರು. ಕಪಾಲಿ ಉರುಳಿದಾಗ ಬೆಂಗಳೂರಿನವರಿಗೆ ಹೇಗಾಗಿತ್ತೋ ಹಾಗೇ ಇವರಿಗೂ ಆಯಿತು. ನಮಗೆ ಉಳಿದದ್ದು ನೆನಪು ಮಾತ್ರ. ಇಲ್ಲಿ 2003ರಲ್ಲಿ ಸ್ಕಾಟ್ಸ್‌ಡೇಲ್ 101 ಎಂಬ ತಮ್ಮ ಮಲ್ಟಿಪ್ಲೆಕ್ಸ್‌ನಲ್ಲಿ ಅದೇ ಹೆಸರಿನಲ್ಲಿ, ಅದೇ ತರಹದ ದೊಡ್ಡ ಹಾಲ್ ಮತ್ತೆ ಕಟ್ಟಿದರು. ಚಿನ್ನದ ಬಣ್ಣದ ಪರದೆ ಎರಡು ಕಡೆಗೆ ಸರಿದು ಬಿಳಿ ತೆರೆ ಕಾಣಿಸಿಕೊಳ್ಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಲೆಕ್ಕ ಹಾಕುವವರ ದೃಷ್ಟಿಯಲ್ಲಿ ಅದು ಬೇಡದ ಖರ್ಚು. ಆದರೂ ಮಾಡಿದರಲ್ಲ, ಅದಕ್ಕೇ ಜನ ಇವರನ್ನು ಬಿಡುವುದಿಲ್ಲ.

ಇವತ್ತು ನಾಲ್ಕು ರಾಜ್ಯಗಳಲ್ಲಿ, 30ಕ್ಕೂ ಹೆಚ್ಚು ಕಡೆ ಇದ್ದಾರೆ. ಆದರೆ ಬೇರು ಅರಿಜೋನಾದಲ್ಲೇ. ಕೋವಿಡ್‌ನಲ್ಲಿ ಎಲ್ಲವನ್ನೂ ಮುಚ್ಚಬೇಕಾಗಿ ಬಂತು, ಆಮೇಲೆ ತೆರೆದರು. ಇನ್ನೊಂದು ದೊಡ್ಡ ಥಿಯೇಟರ್ ಸರಣಿ ರೀಗಲ್ ನಡೆಸುವ ಸಿನೆವರ್ಲ್ಡ್ 2022ರಲ್ಲಿ ದಿವಾಳಿ ಅರ್ಜಿ ಹಾಕಿದ್ದನ್ನು ನೆನೆಸಿಕೊಂಡರೆ ಇದು ಸಣ್ಣ ಮಾತಲ್ಲ.

ಇನ್ನು ಕಪ್. ವರ್ಷಕ್ಕೊಂದು ಹೊಸ ಡಿಸೈನ್‌ನ ದೊಡ್ಡ ಪ್ಲಾಸ್ಟಿಕ್ ಲೋಟ. ಒಮ್ಮೆ ಕೊಂಡರೆ ಆ ವರ್ಷ ಪೂರ್ತಿ, ಹೋದಾಗಲೆಲ್ಲ ಕಡಿಮೆ ದುಡ್ಡಿಗೆ ಕೋಲಾ ತುಂಬಿಸಿಕೊಡುತ್ತಾರೆ. ಟಿಕೆಟ್ ದುಡ್ಡಿನಲ್ಲಿ ದೊಡ್ಡ ಪಾಲು ಸ್ಟುಡಿಯೋಗೆ ಹೋಗುತ್ತದೆ, ಥಿಯೇಟರ್‌ನವರು ಬದುಕುವುದು ಕೌಂಟರ್‌ನಲ್ಲಿ ಮಾರುವ ತಿಂಡಿಯಿಂದ. ಹಾಗಿದ್ದೂ ಸೋಡಾ ಅಗ್ಗಕ್ಕೆ ಯಾಕೆ ಕೊಡುತ್ತಾರೆ? ಕಾರಿನಲ್ಲಿ ಕಪ್ ಇದ್ದವರು ಬೇರೆ ಥಿಯೇಟರ್ ಕಡೆ ತಿರುಗುವುದಿಲ್ಲ, ಜೊತೆಗೆ ಪಾಪ್‌ಕಾರ್ನ್ ಅಂತೂ ಕೊಳ್ಳುತ್ತಾರೆ. ಇಲ್ಲಿನ ಮನೆಗಳಲ್ಲಿ ಅಡುಗೆಮನೆ ಕಪಾಟು ತೆರೆದರೆ ಹಳೇ ವರ್ಷದ ಕಪ್‌ಗಳು ಒಂದರೊಳಗೊಂದು ಕೂತಿರುತ್ತವೆ. ನಮ್ಮ ಮನೆಯಲ್ಲಿ ತುಳಸಿಗೆ ನೀರು ಹಾಕೋದು ಅದರಲ್ಲೇ.

ತಿಂಗಳಿಗೊಂದು ಸಿನಿಮಾ ನೋಡುವವರಾದರೆ ತಗೊಳ್ಳಿ. ಆದರೆ ಡಿಸೆಂಬರ್ 31ಕ್ಕೆ ಅದರ ಅವಧಿ ಮುಗಿಯುತ್ತದೆ. ಈಗ ವರ್ಷದ ಕೊನೆ ಹತ್ತಿರವಿದ್ದರೆ ಸುಮ್ನೆ ದುಡ್ಡು ಹಾಕಬೇಡಿ, ಮುಂದಿನ ವರ್ಷದ ಕಪ್ ಬರುವವರೆಗೆ ಕಾಯಿರಿ.