ಬಿಲ್ಲಿನ ಮೇಲೆ 1953 ಅಂತ ಇದೆ, ಬೆಲೆ ಎಷ್ಟು ಬರಬಹುದು?

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ಡೆಟ್ರಾಯಿಟ್ ಹತ್ತಿರ ಇದ್ದೇವೆ. ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ರಿಕರ್ವ್ ಬಿಲ್ಲೊಂದು (ತುದಿಗಳು ಹೊರಕ್ಕೆ ಬಾಗಿರುವ ಥರದ್ದು) 40 ಡಾಲರ್‌ಗೆ ಸಿಕ್ಕಿತು. ಹಿಡಿಯ ಹತ್ತಿರ ಮರದೊಳಗೆ ಕೂರಿಸಿದ ನಾಣ್ಯದಂಥ ಬಿಲ್ಲೆ, ಅದರಲ್ಲಿ ಕರಡಿ ಚಿತ್ರ. ತೋಳಿನ ಮೇಲೆ, ಅಂದರೆ ಹಿಡಿಯ ಆಚೀಚೆ ಬಾಗುವ ಭಾಗದಲ್ಲಿ, 'ಬೇರ್ ಕೊಡಿಯಾಕ್' ಅಂತ ಹೆಸರು, ಒಂದು ಪೇಟೆಂಟ್ ನಂಬರ್, ಜೊತೆಗೆ 'ಕೆನಡಾ 1953'. ಇನ್ನೊಂದು ಕಡೆ ಕೈಬರಹದಲ್ಲಿ 60" 45# ಅಂತ ಇದೆ. ಆನ್‌ಲೈನ್‌ನಲ್ಲಿ ಇದೇ ಹೆಸರಿನ ಬಿಲ್ಲಿಗೆ ಒಬ್ಬರು 1,500 ಡಾಲರ್ ಕೇಳುತ್ತಿದ್ದಾರೆ, ಇನ್ನೊಬ್ಬರು 150. ಎಪ್ಪತ್ತು ವರ್ಷದ ಹಿಂದಿನದು ಅಂದರೆ ಅಪರೂಪದ್ದೇ ಅಲ್ವಾ? ಸದ್ಯಕ್ಕೆ ಉಜ್ಜಿ ಪಾಲಿಶ್ ಹಾಕಿಸಿ ಗೋಡೆಗೆ ತೂಗುಹಾಕೋಣ ಅಂತಿದ್ದೇನೆ.

ಉತ್ತರ: ಮೊದಲು ಆ ಪಾಲಿಶ್ ಡಬ್ಬಿಯನ್ನು ವಾಪಸ್ ಕಪಾಟಿನಲ್ಲಿಡಿ. ನಾನು ಹೊಸದರಲ್ಲಿ ಇದೇ ಕೆಲಸ ಮಾಡಿದ್ದೆ. ಡೇಮನ್ ಹೋವಟ್ ಕಂಪನಿಯ ಒಂದು ಬಿಲ್ಲು ತಂದು, ಮಂಕಾಗಿದೆ ಅಂತ ಮರಳು ಕಾಗದದಲ್ಲಿ ಉಜ್ಜಿ ವಾರ್ನಿಶ್ ಬಳಿದೆ. ಕನ್ನಡಿ ಹಾಗೆ ಹೊಳೆಯಿತು. ಆದರೆ ತೋಳಿನ ಮೇಲೆ ಶಾಯಿಯಲ್ಲಿ ಬರೆದಿದ್ದ ಮಾಡೆಲ್ ಹೆಸರು, ಉದ್ದ, ತೂಕ, ನಂಬರ್ ಎಲ್ಲವೂ ಪುಡಿಯಾಗಿ ಕೆಳಗೆ ಬಿತ್ತು. ಉಳಿದದ್ದು ಹೆಸರಿಲ್ಲದ ಒಂದು ಚೆಂದದ ಬಿಲ್ಲು. ಮೆತ್ತನೆಯ ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ ಒರೆಸಿ, ಅಷ್ಟೇ ಸಾಕು. ಬರಹ ಇರುವ ಕಡೆ ಅದೂ ಬೇಡ.

ಈಗ 1953ಕ್ಕೆ ಬರೋಣ. ನನಗೆ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಅದು ಕೆನಡಾದ ಪೇಟೆಂಟ್‌ನ ವರ್ಷ, ಬಿಲ್ಲು ತಯಾರಾದ ವರ್ಷ ಅಲ್ಲ. ಫ್ರೆಡ್ ಬೇರ್ ಅವರ ಕಂಪನಿ ಅದೇ ಸಾಲನ್ನು ಆಮೇಲೆ ಎಷ್ಟೋ ವರ್ಷ ತನ್ನ ಬಿಲ್ಲುಗಳ ಮೇಲೆ ಅಚ್ಚು ಹಾಕುತ್ತಲೇ ಹೋಯಿತು. ಹೋಟೆಲ್ ಬೋರ್ಡಿನಲ್ಲಿ 'ಸ್ಥಾಪನೆ 1953' ಅಂತ ಇದ್ದರೆ ನಮ್ಮ ತಟ್ಟೆಯ ದೋಸೆ ಆ ವರ್ಷದ್ದೇ ಅನ್ನುತ್ತೀವಾ? ಆದರೂ ಮಾರುವವರು ಬಹಳ ಜನ, ಕೆಲವರು ಗೊತ್ತಿಲ್ಲದೆ, ಕೆಲವರು ಗೊತ್ತಿದ್ದೂ, '1953ರ ಬೇರ್' ಅಂತಲೇ ಮಾರುತ್ತಾರೆ.

ನಿಮ್ಮ ಬಿಲ್ಲು 1953ರದ್ದಾಗಿರಲು ಸಾಧ್ಯವೇ ಇಲ್ಲ. ಅದನ್ನು ಹೇಳುತ್ತಿರುವುದು ಆ ಬಿಲ್ಲೆ. ಬೇರ್ ಕಂಪನಿ ಹಿಡಿಯಲ್ಲಿ ನಾಣ್ಯ ಕೂರಿಸಲು ಶುರುಮಾಡಿದ್ದು 1959ರಲ್ಲಿ. ಅದಕ್ಕೂ ಮುಂಚೆ ಕರಡಿಯ ಅಂಟುಚಿತ್ರ ಮಾತ್ರ ಇರುತ್ತಿತ್ತು. 1972ರವರೆಗೆ ನಾಣ್ಯ ಮರದ ಮಟ್ಟಕ್ಕೇ ಕೂತಿರುತ್ತದೆ, ಬೆರಳಾಡಿಸಿದರೆ ತಡೆಯುವುದಿಲ್ಲ. ಆಮೇಲೆ ಬಂದದ್ದು ಮೇಲಕ್ಕೆ ಉಬ್ಬಿದ ಬಿಲ್ಲೆ. ಮರದೊಳಗೆ ಕೂರಿಸಿದೆ ಅಂತ ನೀವೇ ಬರೆದಿದ್ದೀರಿ. ಹಾಗಾಗಿ ಅದು 1959ರಿಂದ 1972ರ ನಡುವಿನದು. ಇನ್ನೂ ಹತ್ತಿರ ಹೋಗಬೇಕೆಂದರೆ ಲೋಹದ ಬಣ್ಣ ನೋಡಿ. ತಾಮ್ರದ ಕೆಂಪು ಇದ್ದರೆ ಮೊದಲ ವರ್ಷಗಳದ್ದು, ನಿಕಲ್‌ನ ಬೆಳ್ಳಿ ಬಣ್ಣ ಇದ್ದರೆ ಕೊನೆಯ, ಅಂದರೆ 1971-72ರ ಕಡೆಗೆ. ಆ ಕಾಲದ ವಾರ್ಷಿಕ ಕ್ಯಾಟಲಾಗ್‌ಗಳನ್ನು ಹವ್ಯಾಸಿಗಳು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಹಿಡಿಯ ಮರ, ತೋಳಿನ ಗ್ಲಾಸಿನ (ಫೈಬರ್‌ಗ್ಲಾಸ್ ಪದರದ) ಬಣ್ಣ, ಕೊಪ್ಪಿನ ಮೇಲೆ ಅಂಟಿಸಿದ ಪದರಗಳು, ಈ ಮೂರನ್ನೂ ಪಕ್ಕದಲ್ಲಿಟ್ಟು ಹೋಲಿಸಿ. (ಕೊಪ್ಪು ಅಂದರೆ ಹೆದೆಯ ಕುಣಿಕೆ ಕೂರುವ ಕಚ್ಚು ಇರುವ ತುದಿ. ಹಳೆಯ ಮಾತು, ಇಂಥ ಕಡೆ ಬಳಸದಿದ್ದರೆ ಇನ್ನೆಲ್ಲಿ ಬಳಸೋದು?)

ಬಿಲ್ಲಿನ ಮೇಲೆ ಊರಿನ ಹೆಸರಿದ್ದರೆ ಅದೂ ಸಾಕ್ಷಿ ಹೇಳುತ್ತದೆ. ಬೇರ್ ಕಂಪನಿ 1933ರಲ್ಲಿ ಶುರುವಾಗಿದ್ದು ನಿಮ್ಮ ಡೆಟ್ರಾಯಿಟ್‌ನಲ್ಲೇ. 1947ರಲ್ಲಿ ಅದೇ ಮಿಶಿಗನ್ ರಾಜ್ಯದ ಗ್ರೇಲಿಂಗ್‌ಗೆ ಹೋಯಿತು, 1978ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ. ಗ್ರೇಲಿಂಗ್ ಅಂತ ಇದ್ದರೆ ಸಂಗ್ರಾಹಕರ ಕಣ್ಣು ಅರಳುತ್ತದೆ. ಗೇನ್ಸ್‌ವಿಲ್ ಅಂತ ಇದ್ದರೆ ಮಾರುವವರು ಏನೇ ಕಥೆ ಹೇಳಲಿ, ಅದು 1978ಕ್ಕಿಂತ ಹಿಂದಿನದಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, 1959ರ ಕೊಡಿಯಾಕ್‌ನ ರೂಪವನ್ನೇ ಕಂಪನಿ ಎಷ್ಟೋ ವರ್ಷದ ನಂತರ ಮತ್ತೆ ತಯಾರಿಸಿ ಮಾರಿದೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಇನ್ನು ಆ 45# ಎಂಬುದು ಸೀರಿಯಲ್ ನಂಬರ್ ಅಂದುಕೊಂಡವರನ್ನು ನೋಡಿದ್ದೇನೆ. ಅದು ಎಳೆತದ ತೂಕ. ಹೆದೆಯನ್ನು 28 ಇಂಚು ಎಳೆದಾಗ 45 ಪೌಂಡ್ ಬಲ ಬೇಕು ಅಂತ. ನಮ್ಮಲ್ಲಿ ಅನೇಕರ ಎಳೆತ 26 ಇಂಚಿನ ಆಸುಪಾಸು, ಆಗ ಕೈಗೆ ಸಿಗುವುದು ಸುಮಾರು 40 ಪೌಂಡ್.

ಹಳೆಯದು ಅಂದರೆ ಅಪರೂಪ ತಾನೇ ಅಂತ ಕೇಳಿದ್ದೀರಿ. ಹಾಗೇನಿಲ್ಲ. ಬೇರ್ ಕಂಪನಿ 60ರ ದಶಕದಲ್ಲಿ ರಾಶಿ ರಾಶಿ ಬಿಲ್ಲು ಮಾಡಿತು. ಅದರ ಗ್ರಿಜ್ಲಿ, ಕೊಡಿಯಾಕ್ ಹಂಟರ್ ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಅಪರೂಪ ಆಗುವುದಕ್ಕೆ ಒಂದು ಕಾರಣ ಬೇಕು. ಕೆಲವು ಸಲ ಆ ಕಾರಣವೇ ತಮಾಷೆಯಾಗಿರುತ್ತದೆ. 1949ರ ಹೊತ್ತಿಗೆ ಇದೇ ಕಂಪನಿ ತೋಳಿನ ಒಳಗೆ ಅಲ್ಯುಮಿನಿಯಂ ಹಾಳೆ ಸೇರಿಸಿ ಬಿಲ್ಲು ಮಾಡಿತು. ಅಂಟು ಹಿಡಿಯಲಿಲ್ಲ, ಪದರ ಬಿಟ್ಟುಕೊಂಡು ಬಿಲ್ಲುಗಳು ವಾಪಸ್ ಬಂದವು, ಒಂದೆರಡು ವರ್ಷದಲ್ಲೇ ಆ ಪ್ರಯೋಗ ನಿಂತಿತು. ಸೋತ ಸರಕು ಅನ್ನುವ ಕಾರಣಕ್ಕೇ ಇವತ್ತು ಉಳಿದಿರುವ ಒಂದೊಂದಕ್ಕೂ ಜನ ಮುಗಿಬೀಳುತ್ತಾರೆ. ಅದಕ್ಕೂ ಹಿಂದಿನ, ನೆಲ್ಸ್ ಗ್ರಮ್ಲಿ ಎಂಬ ಕಸುಬುದಾರ ಬೇರ್ ಕಂಪನಿಗೆ ಕೈಯಾರೆ ಮಾಡಿ ತನ್ನ ಹೆಸರು ಒತ್ತಿದ ಬಿಲ್ಲುಗಳ ಮಾತೇ ಬೇರೆ. ಯಂತ್ರದಲ್ಲಿ ಸಾಲುಸಾಲಾಗಿ ಮಾಡುವ ಕಾಲ ಬಂದಾಗ ಅವರು ಕಂಪನಿ ಬಿಟ್ಟರು. 1970ರ ಸುಮಾರಿಗೆ ಬಂದ, ಮೂರು ಭಾಗವಾಗಿ ಬಿಚ್ಚುವ ಗ್ರೇಲಿಂಗ್‌ನ 'ಟೇಕ್‌ಡೌನ್' ಬಿಲ್ಲಿಗೂ ಒಳ್ಳೆ ಬೆಲೆ ಇದೆ. ಅದರ ತೋಳುಗಳನ್ನು ಸಲಕರಣೆ ಇಲ್ಲದೆ ಬರಿಗೈಯಲ್ಲೇ ಬಿಡಿಸಬಹುದು. ಕೊಡಿಯಾಕ್‌ಗಳಲ್ಲಿ 1959ರದ್ದಕ್ಕೇ ಜಾಸ್ತಿ ಮರ್ಯಾದೆ. ನಿಮ್ಮ ನಾಣ್ಯ ತಾಮ್ರದ್ದಾಗಿದ್ದು, ಉಳಿದ ಗುರುತುಗಳೂ ಆ ವರ್ಷದ ಕ್ಯಾಟಲಾಗ್‌ಗೆ ಹೊಂದಿದರೆ ನೀವು ನಿಜವಾಗಿಯೂ ಅದೃಷ್ಟವಂತರು.

ಬೆಲೆ ತಿಳಿಯಲು ಕೇಳುವ ಬೆಲೆ ನೋಡಬೇಡಿ, ಕೇಳುವುದಕ್ಕೆ ಯಾರಿಗೂ ಕಾಸು ಖರ್ಚಿಲ್ಲ. ಈಬೇಯಲ್ಲಿ ಮಾರಾಟವಾಗಿ ಹೋದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಅದನ್ನು ಒತ್ತಿ, ನಿಮ್ಮದೇ ಮಾಡೆಲ್, ನಿಮ್ಮದೇ ಕಾಲ, ನಿಮ್ಮದೇ ಸ್ಥಿತಿಯ ನಾಲ್ಕೈದು ಬಿಲ್ಲು ಎಷ್ಟಕ್ಕೆ ಹೋಗಿವೆ ನೋಡಿ. 40 ಡಾಲರ್‌ಗಂತೂ ನೀವು ಮೋಸ ಹೋಗಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬಿಲ್ಲುಗಾರಿಕೆ ಅಭ್ಯಾಸ ಮಾಡುತ್ತೇನೆ. ಅಮೆರಿಕದಲ್ಲಿರುವ ಭಾವನ ಕೈಯಲ್ಲಿ ಒಂದು ಹಳೆಯ ರಿಕರ್ವ್ ತರಿಸಬೇಕು ಅಂತಿದ್ದೇನೆ. ಅವರಿಗೆ ಬಿಲ್ಲಿನ ಬಗ್ಗೆ ಏನೂ ಗೊತ್ತಿಲ್ಲ. ಯಾವ ಕಂಪನಿ ನೋಡಬೇಕು, ಏನು ಪರೀಕ್ಷೆ ಮಾಡಬೇಕು ಅಂತ ಹೇಳಿಕೊಡಲಿ?

ಉತ್ತರ: ಬೇರ್ ಒಂದನ್ನೇ ಹಿಡಿದುಕೊಂಡು ಕೂರಬೇಡಿ. ನನಗೆ ಕೇಳಿದರೆ ಕೈಕೆಲಸದಲ್ಲಿ ವಾಷಿಂಗ್ಟನ್ ರಾಜ್ಯದ ಯಾಕಿಮಾದ ಡೇಮನ್ ಹೋವಟ್ ಬಿಲ್ಲುಗಳು ಒಂದು ಕೈ ಮೇಲು. ಅದನ್ನು 1976ರಲ್ಲಿ ಮಾರ್ಟಿನ್ ಕಂಪನಿ ಕೊಂಡಿತು, ಆದ್ದರಿಂದ ಬರೀ ಹೋವಟ್ ಹೆಸರಿನದು ಹಳೆಯದು. ಟೆಕ್ಸಸ್‌ನ ವಿಂಗ್, ಮಿಸೌರಿಯ ಬ್ಲ್ಯಾಕ್ ವಿಡೋ, ಸೇಂಟ್ ಲೂಯಿಸ್‌ನ ಹೋಯ್ಟ್ ಇವೂ ಒಳ್ಳೆಯವೇ. ಮಿಶಿಗನ್‌ನ ಕಲಮಜೂವಿನ ಶೇಕ್ಸ್‌ಪಿಯರ್ ಮೀನಿನ ಗಾಳದ ಕಂಪನಿ. ನಗಬೇಡಿ, ಅವರ 'ನೆಸಿಡಾ' ಕಾಸಿಗೆ ತಕ್ಕ ಕಜ್ಜಾಯ. ಅಭ್ಯಾಸಕ್ಕೆ ಬಳಸುವವರಿಗೆ ಅದೇ ಸಾಕು.

ಭಾವನಿಗೆ ಕಂಪನಿ ಹೆಸರುಗಳಿಗಿಂತ ಒಂದು ಹತ್ತಿ ಉಂಡೆ ಕೊಡಿ. ಅದನ್ನು ತೋಳಿನ ಮೇಲೆ, ಅಂಚಿನ ಮೇಲೆ ಹಗುರವಾಗಿ ಸವರಲಿ. ಎಳೆ ಸಿಕ್ಕಿಕೊಂಡ ಕಡೆ ಸಿಬಿರೋ ಬಿರುಕೋ ಇದೆ. ಗ್ಲಾಸಿನಲ್ಲಿ ಉದ್ದಕ್ಕೆ ಕಾಣುವ ಕೂದಲೆಳೆಯಂಥ ಗೆರೆಗಳು ಹಳೆಯ ಬಿಲ್ಲುಗಳಲ್ಲಿ ಸಾಮಾನ್ಯ, ಬೆಲೆ ಚೌಕಾಸಿಗೆ ಮಾತ್ರ ಉಪಯೋಗ. ಅಡ್ಡಕ್ಕೆ ಬಂದ ಗೆರೆ ಇದ್ದರೆ ಅಲ್ಲೇ ಇಟ್ಟು ಬರಲಿ. ಮರಕ್ಕೂ ಗ್ಲಾಸಿಗೂ ನಡುವೆ ಉಗುರು ತೂರುವಷ್ಟು ಜಾಗ ಬಿಟ್ಟಿದ್ದರೂ ಅದೇ ಗತಿ.

ಆಮೇಲೆ ರಂಧ್ರಗಳು. ಗುರಿ ನೋಡುವ ಸೈಟ್, ಬತ್ತಳಿಕೆ ಸಿಕ್ಕಿಸಲು ಹಿಂದಿನ ಯಜಮಾನರು ಹಿಡಿಗೆ ಡ್ರಿಲ್ ಮಾಡಿರುತ್ತಾರೆ. ಬಾಣ ಬಿಡಲು ಅಡ್ಡಿಯಿಲ್ಲ, ಸಂಗ್ರಹದ ಬೆಲೆ ಮಾತ್ರ ದಡಕ್ಕನೆ ಇಳಿಯುತ್ತದೆ. ನೀವು ಬಾಣ ಬಿಡುವವರಾದ್ದರಿಂದ ಇಂಥದ್ದನ್ನೇ ಹುಡುಕಿ, ಕಡಿಮೆಗೆ ಸಿಗುತ್ತದೆ. ಹೆದೆ ಏರಿಸಿದ್ದರೆ ತುದಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಲಿ. ಹೆದೆ ಎರಡೂ ತೋಳಿನ ನಡುಮಧ್ಯದಲ್ಲಿ ಹಾದುಹೋಗಬೇಕು. ಪಕ್ಕಕ್ಕೆ ಜಾರಿದ್ದರೆ ತೋಳು ತಿರುಚಿಕೊಂಡಿದೆ.

ನಿಮಗೆ ಬಲಗೈ ಬಿಲ್ಲು ಬೇಕಾ, ಎಡಗೈಯದ್ದಾ ಅಂತ ಮೊದಲೇ ಹೇಳಿ. ಹೆದೆಯ ಕಡೆ ತನ್ನ ಮುಖಕ್ಕೆ ಬರುವಂತೆ ಹಿಡಿದಾಗ ಬಾಣ ಕೂರುವ ಕಚ್ಚು ಎಡಕ್ಕಿದ್ದರೆ ಅದು ಬಲಗೈಯವರದ್ದು. ಎಡಗೈ ಬಿಲ್ಲುಗಳು ಕಡಿಮೆ ಸಿಗುತ್ತವೆ, ಆದರೆ ಕೊಳ್ಳುವವರೂ ಕಡಿಮೆ. ಅಪರೂಪ ಅಂತ ಹೆಚ್ಚಿಗೆ ಕೊಡಬೇಕಾಗಿಲ್ಲ.

ಸಾಗಣೆ ಇನ್ನೊಂದು ತಲೆನೋವು. ಬಿಲ್ಲನ್ನು ವಿಮಾನದ ಕ್ಯಾಬಿನ್‌ಗೆ ಬಿಡುವುದಿಲ್ಲ, ಚೆಕ್-ಇನ್ ಮಾಡಬೇಕು. ಬಹುತೇಕ ವಿಮಾನಗಳಲ್ಲಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೂಡಿದರೆ 62 ಇಂಚು ಮೀರಬಾರದು. 60 ಇಂಚಿನ ಬಿಲ್ಲನ್ನು ಕೊಳವೆಯಲ್ಲಿ ಹಾಕಿದರೆ ಲೆಕ್ಕ ದಾಟಿತು, ಹೆಚ್ಚುವರಿ ದುಡ್ಡು ಕಟ್ಟಬೇಕು. ಬೇರ್‌ನ 52 ಇಂಚಿನ ಕೊಡಿಯಾಕ್ ಮ್ಯಾಗ್ನಮ್ ಆದರೆ ಅಡಗುತ್ತದೆ. ಆದರೆ ಅಷ್ಟು ಗಿಡ್ಡ ಬಿಲ್ಲಿನಲ್ಲಿ ಹೆದೆ ಬೆರಳನ್ನು ಹಿಂಡುತ್ತದೆ. ಹೊರಡುವ ಮುಂಚೆ ಏರ್‌ಲೈನ್‌ನವರನ್ನೂ ಕಸ್ಟಮ್ಸ್‌ನವರನ್ನೂ ಒಮ್ಮೆ ಕೇಳಿಕೊಳ್ಳಲಿ.

ಪ್ರಶ್ನೆ: ಅಜ್ಜನ ಕಾಲದ್ದು ಅಂತ ಸ್ನೇಹಿತರೊಬ್ಬರು ಒಂದು ರಿಕರ್ವ್ ಕೊಟ್ಟಿದ್ದಾರೆ. ಹೆದೆ ಕಟ್ಟಿ ಒಂದೆರಡು ಬಾಣ ಬಿಡಬಹುದಾ?

ಉತ್ತರ: ಮೇಲೆ ಹೇಳಿದ ಪರೀಕ್ಷೆಯಲ್ಲಿ ಪಾಸಾದರೆ ಬಿಡಬಹುದು. ಆದರೆ ಹೆದೆ ಯಾವ ಕಡೆಗೆ ಕಟ್ಟುತ್ತೀರಿ? ಇದು ದಡ್ಡ ಪ್ರಶ್ನೆ ಅನ್ನಿಸಬಹುದು. ಹೆದೆ ಇಲ್ಲದ ರಿಕರ್ವ್ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿರುತ್ತದೆ. ಅದೇ ಬಾಗಿಗೆ ಹೆದೆ ಬಿಗಿದರೆ ಚಿತ್ರದಲ್ಲಿ ನೋಡಿದ ಬಿಲ್ಲಿನ ಥರವೇ ಕಾಣುತ್ತದೆ, ಆದರೆ ಅದು ತಲೆಕೆಳಗು. ಸರಿಯಾದದ್ದು ಆ ಬಾಗಿಗೆ ವಿರುದ್ಧವಾಗಿ ಬಗ್ಗಿಸಿ ಏರಿಸುವುದು. ಮಾರಾಟಕ್ಕಿಟ್ಟ ಫೋಟೋಗಳಲ್ಲೇ ಉಲ್ಟಾ ಕಟ್ಟಿದ ಬಿಲ್ಲು ಬೇಕಾದಷ್ಟು ನೋಡಿದ್ದೇನೆ. ಹಾಗೆ ಕಟ್ಟಿ ಎಳೆದರೆ ಮುರಿಯುತ್ತದೆ.

ಕಾಲಿನ ನಡುವೆ ಸಿಕ್ಕಿಸಿ ಬಗ್ಗಿಸಬೇಡಿ, ತೋಳು ತಿರುಚಿಕೊಳ್ಳುವುದು ಹೆಚ್ಚಾಗಿ ಅದರಿಂದಲೇ. ಬೋ ಸ್ಟ್ರಿಂಗರ್ ಅಂತ ಎರಡು ಕುಣಿಕೆಯ ಹಗ್ಗ ಸಿಗುತ್ತದೆ, ಅದನ್ನು ತಗೊಳ್ಳಿ. ಹೆದೆ ಡೇಕ್ರಾನ್ ಎಂಬ, ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ದಾರದ್ದೇ ಇರಲಿ. ಈಗಿನ ಫಾಸ್ಟ್ ಫ್ಲೈಟ್ ಥರದ ಹೆದೆ ಹಿಗ್ಗುವುದು ತೀರಾ ಕಡಿಮೆ, ಹಳೆಯ ಕೊಪ್ಪುಗಳು ಆ ಹೊಡೆತಕ್ಕೆ ಸೀಳಿಹೋಗಬಹುದು. ಮೊದಲ ದಿನ ಏರಿಸಿ ಒಂದು ಗಂಟೆ ಸುಮ್ನೆ ಇಡಿ. ಆಮೇಲೆ ಅರ್ಧದಷ್ಟು ಎಳೆದು ಮೆಲ್ಲಗೆ ವಾಪಸ್ ತನ್ನಿ, ಹತ್ತಾರು ಸಲ. ಚಟಚಟ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಬಾಣ ಇಲ್ಲದೆ ಎಳೆದು ಬಿಡಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಮತ್ತೆ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಐವತ್ತು ವರ್ಷ ಹಿಡಿದುಕೊಂಡಿದ್ದ ಅಂಟು ಒಂದು ಮಧ್ಯಾಹ್ನದಲ್ಲಿ ಬಿಟ್ಟುಕೊಳ್ಳಬಹುದು.