ನಿಬೆಲುಂಗರ ಕಥೆಯನ್ನು ಮೂಲದಲ್ಲಿ ಓದಬೇಕೆಂದವರಿಗೆ

ನಮಸ್ಕಾರ. ಜರ್ಮನ್ನಿನ ಹಳೆಯ ವೀರಕಾವ್ಯವಾದ ನಿಬೆಲುಂಗರ ಕಥೆಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಮುಗಿಸಿದ್ದೀರಿ. ಎರಡು ವರ್ಷ ಜರ್ಮನ್ ಕಲಿತಿದ್ದೀರಿ. ಮೂಲಕ್ಕೆ ಹೋಗಲು ಮೊದಲು ಯಾವ ಭಾಷೆ ಹಿಡಿಯಬೇಕು, ಹಸ್ತಪ್ರತಿಗಳ ಗೋಜಿಗೆ ಹೋಗಲೇಬೇಕೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಹೋಗಲೇಬೇಕು, ಅದೂ ಮೊದಲ ವಾರದಿಂದಲೇ.

ಏಕೆಂದರೆ 'ಮೂಲ' ಎಂದು ಕೈಗೆತ್ತಿಕೊಳ್ಳಬಹುದಾದ ಒಂದೇ ಪುಸ್ತಕ ಇಲ್ಲಿಲ್ಲ. ನಿಬೆಲುಂಗೆನ್‌ಲೀಡ್ ಕಾವ್ಯ ರೂಪುಗೊಂಡದ್ದು 1200ರ ಸುಮಾರಿಗೆ. ಅದರ ಮುಖ್ಯ ಪ್ರತಿಗಳು ಮೂರು: ಮ್ಯೂನಿಕ್‌ನ ಎ, ಸೇಂಟ್ ಗ್ಯಾಲನ್‌ನ ಬಿ, ಕಾರ್ಲ್ಸ್‌ರೂಹೆಯ ಸಿ. 'ಹಳೆಯ ಕಥೆಗಳಲ್ಲಿ ನಮಗೆ ಹಲವು ಅದ್ಭುತಗಳನ್ನು ಹೇಳಿದ್ದಾರೆ' ಎಂದು ತೆರೆದುಕೊಳ್ಳುವ ಆ ಪ್ರಸಿದ್ಧ ಮೊದಲ ಪದ್ಯ ಬಿ ಪ್ರತಿಯಲ್ಲಿ ಇಲ್ಲವೇ ಇಲ್ಲ. ಆ ಪ್ರತಿ ನೇರವಾಗಿ ಬರ್ಗಂಡಿಯಲ್ಲಿ ಬೆಳೆದ ಹುಡುಗಿ, ಕಥಾನಾಯಕಿ ಕ್ರೀಮ್‌ಹಿಲ್ಡಳಿಂದ ಆರಂಭವಾಗುತ್ತದೆ. ಎ ಮತ್ತು ಬಿ ಪ್ರತಿಗಳು ಕೊನೆಯ ಸಾಲಿನಲ್ಲಿ ಇದನ್ನು ನಿಬೆಲುಂಗರ 'ನೋಟ್', ಅಂದರೆ ಸಂಕಟ, ಎಂದು ಕರೆದರೆ ಸಿ ಪ್ರತಿ 'ಲೀಟ್', ಅಂದರೆ ಹಾಡು, ಎನ್ನುತ್ತದೆ. ಸಿ ಪ್ರತಿಯಲ್ಲಿ ಕ್ರೀಮ್‌ಹಿಲ್ಡಳ ಮೇಲೆ ಕರುಣೆ ಹೆಚ್ಚು, ಅವಳ ಗಂಡನನ್ನು ಕೊಂದ ಹಾಗೆನ್ ಮೇಲೆ ತಪ್ಪಿನ ಹೊರೆ ಹೆಚ್ಚು. ಇವನ್ನು ಬರಿಯ ಪಾಠಾಂತರ ಎಂದು ಅಡಿಟಿಪ್ಪಣಿಗೆ ತಳ್ಳಬೇಡಿ. ಒಂದೊಂದು ಪ್ರತಿಯೂ ಒಂದೊಂದು ತೀರ್ಪು.

ಭಾಷೆಯ ವಿಷಯ. ನಿಮಗೆ ಜರ್ಮನ್ ಗೊತ್ತಿರುವುದರಿಂದ ಈ ಕಾವ್ಯದ ಭಾಷೆಯಾದ ನಡುಗಾಲದ ಜರ್ಮನ್ನಿನಿಂದಲೇ ಹೊರಡಿ. ದೀರ್ಘ 'ಈ' ಇಂದಿನ 'ಐ' ಆಯಿತು, ದೀರ್ಘ 'ಊ' ಇಂದಿನ 'ಔ' ಆಯಿತು; ಮೀನ್ ಎಂದರೆ ಮೈನ್, ಹೂಸ್ ಎಂದರೆ ಹೌಸ್. ಇಷ್ಟು ತಿಳಿದರೆ ಅರ್ಧ ಪುಟ ಅರ್ಥವಾಗುತ್ತದೆ. ಅಪಾಯ ಇರುವುದು ಆ ಅರ್ಧದಲ್ಲೇ. 'ಅರೆಬೈಟ್' ಕಂಡಾಗ ಇಂದಿನ 'ಕೆಲಸ' ಎಂದು ಓದಿಬಿಡುತ್ತೇವೆ. ಅಲ್ಲಿ ಅದು ಕಷ್ಟ, ಬವಣೆ. 'ಹೋಖ್‌ಗೆಝೀಟ್' ಮದುವೆಯೇ ಆಗಬೇಕಿಲ್ಲ, ಯಾವುದೇ ದೊಡ್ಡ ಉತ್ಸವ. 'ಮೂಒಟ್' ಬರಿಯ ಧೈರ್ಯವಲ್ಲ, ಮನಸ್ಸು, ಮನೋಭಾವ. ಗುರುತಿನ ಪದಗಳನ್ನೇ ಮೊದಲು ನಿಘಂಟಿನಲ್ಲಿ ನೋಡಿ. ಅಪರಿಚಿತ ಪದ ಯಾರನ್ನೂ ದಾರಿ ತಪ್ಪಿಸುವುದಿಲ್ಲ.

ಆರು ತಿಂಗಳ ನಂತರ, ಇದೇ ಕಥೆಯನ್ನು ಬೇರೆ ರೀತಿ ಹೇಳುವ ಐಸ್‌ಲ್ಯಾಂಡಿನ ಹಳೆಯ ಭಾಷೆ, ಹಳೆಯ ನಾರ್ಸ್‌ಗೆ ಬನ್ನಿ. ಆಗ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಸುಖ ಸಿಗುತ್ತದೆ. 453ರಲ್ಲಿ ತೀರಿಕೊಂಡ ಹೂಣರ ದೊರೆ ಅಟ್ಟಿಲ ಜರ್ಮನ್ ಕಾವ್ಯದಲ್ಲಿ 'ಎಟ್ಜೆಲ್', ನಾರ್ಸ್‌ನಲ್ಲಿ 'ಅತ್ಲಿ'. ದಕ್ಷಿಣದ ಜರ್ಮನ್ನಿನಲ್ಲಿ ಇಮ್ಮಡಿ ಟಕಾರ 'ಟ್ಜ್' ಆಯಿತು, ಮುಂದಿನ 'ಇ'ಕಾರದ ಸೆಳೆತಕ್ಕೆ ಮೊದಲ 'ಅ' 'ಎ' ಆಯಿತು. ಪಾಲು ಹಾಲಾಗಿ, ಪುಲಿ ಹುಲಿಯಾದದ್ದನ್ನು ಬಲ್ಲ ನಮಗೆ ಇಂಥ ನಿಯಮಬದ್ಧ ಬದಲಾವಣೆ ಹೊಸದಲ್ಲ. ಈ ನಿಯಮ ಹಿಡಿತಕ್ಕೆ ಬಂದರೆ, 437ರ ಸುಮಾರಿಗೆ ಹೂಣರ ಕೈಯಲ್ಲಿ ಮಡಿದ ಬರ್ಗಂಡಿಯ ದೊರೆ ಗುಂಡಹಾರಿಯೇ ಗುಂಟರ್, ಅವನೇ ಗುನ್ನಾರ್ ಎಂಬುದನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ನಾರ್ಸ್‌ನಲ್ಲಿ ಪದ್ಯಕ್ಕಿಂತ ಮೊದಲು, ಇದೇ ಕಥೆ ಹೇಳುವ ವೋಲ್ಸುಂಗ ಸಾಗದ ಗದ್ಯ ಓದಿ. ಸುಲಭ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹಸ್ತಪ್ರತಿಯದು: ಎಡ್ಡಾ ಎಂಬ ಹಳೆಯ ನಾರ್ಸ್ ಪದ್ಯಗಳ ಮುಖ್ಯ ಪ್ರತಿ, 1270ರ ಸುಮಾರಿನ ಕೋಡೆಕ್ಸ್ ರೇಗಿಯಸ್, ಈ ಕಥೆಯ ನಾಯಕ ಸಿಗುರ್ಡ್‌ನ ಕಥೆಯ ನಡುವೆಯೇ ಎಂಟು ಹಾಳೆ ಕಳೆದುಕೊಂಡಿದೆ. ಆ ಹಾಳೆಗಳಲ್ಲಿದ್ದ ಕಥೆ ನಮಗೆ ಸಿಗುವುದು ಈ ಗದ್ಯದಿಂದ. ಆಮೇಲೆ ಎಡ್ಡಾದ 'ಅತ್ಲಿಯ ಹಾಡ'ನ್ನೂ ಜರ್ಮನ್ ಕಾವ್ಯದ ಕೊನೆಯ ಭಾಗವನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ನಾರ್ಸ್‌ನ ಗುದ್ರೂನ್ ಅಣ್ಣಂದಿರ ಸಾವಿಗಾಗಿ ಗಂಡ ಅತ್ಲಿಯನ್ನು ಕೊಲ್ಲುತ್ತಾಳೆ. ಜರ್ಮನ್ನಿನ ಕ್ರೀಮ್‌ಹಿಲ್ಡ್ ಮೊದಲ ಗಂಡನ ಸಾವಿಗಾಗಿ ಅಣ್ಣ ಗುಂಟರ್‌ನ ತಲೆ ತೆಗೆಸುತ್ತಾಳೆ. ಅದೇ ಔತಣ, ಅದೇ ಹೂಣರ ಅರಮನೆ. ರಕ್ತಸಂಬಂಧ ದೊಡ್ಡದೋ ದಾಂಪತ್ಯ ದೊಡ್ಡದೋ ಎಂಬಲ್ಲಿ ಕಥೆ ಪೂರ್ತಿ ಮಗುಚಿಕೊಂಡಿದೆ. ಅನುವಾದದಲ್ಲಿ ಎರಡನ್ನೂ ಬೇರೆಬೇರೆಯಾಗಿ ಓದಿದ್ದಾಗ ನನಗೆ ಇದು ಇಷ್ಟು ನಾಟಿರಲಿಲ್ಲ.

ಹಸ್ತಪ್ರತಿಯ ಒಂದು ಹಾಳೆ ಏನೇನು ಕಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹಳೆಯ ಜರ್ಮನ್ ವೀರಗೀತೆ, ಹಿಲ್ಡೆಬ್ರಾಂಡನ ಹಾಡನ್ನು ತೋರಿಸುತ್ತೇನೆ. 830ರ ದಶಕದ ಸುಮಾರಿಗೆ ಫುಲ್ಡಾ ಮಠದಲ್ಲಿ ಇಬ್ಬರು ಲಿಪಿಕಾರರು ಒಂದು ಧಾರ್ಮಿಕ ಗ್ರಂಥದ ಮೊದಲ ಮತ್ತು ಕೊನೆಯ ಖಾಲಿ ಪುಟಗಳಲ್ಲಿ ಇದನ್ನು ಬರೆದರು. ನಮ್ಮ ಕವಿರಾಜಮಾರ್ಗದ ಶತಮಾನವೇ. ಅರ್ಜುನ ಬಭ್ರುವಾಹನರಂತೆ ಇಲ್ಲಿಯೂ ತಂದೆ ಮಗ ಎದುರಾಗುತ್ತಾರೆ, ಆದರೆ ಇಲ್ಲಿ ಸಂಜೀವಕ ಮಣಿ ಇಲ್ಲ. 68 ಸಾಲು ಆಗುವಷ್ಟರಲ್ಲಿ ಪುಟ ಮುಗಿಯಿತು, ಯುದ್ಧದ ನಡುವೆಯೇ ಹಾಡು ನಿಂತಿತು. ತಂದೆ ಊರು ಬಿಟ್ಟಾಗ ಹಿಂದೆ ಉಳಿದವರ ಬಗ್ಗೆ ಮಗ ಹೇಳುವ ಒಂದು ಸಾಲು ಹೀಗಿದೆ:

ಪ್ರೂಟ್ ಇನ್ ಬೂರೆ, ಬಾರ್ನ್ ಉನ್‌ವಹ್ಸನ್

'ಮನೆಯಲ್ಲಿ ಹೆಂಡತಿ, ಇನ್ನೂ ಬೆಳೆಯದ ಕೂಸು.' ಆ ಕೂಸು ತಾನೇ. ಈ ಪದ್ಯಗಳ ಕಟ್ಟು ಪದಾದಿಯ ವ್ಯಂಜನದ ಮೇಲೆ ನಿಂತಿದೆ. ಸಾಲಿನ ಎರಡನೆಯ ಅರ್ಧದಲ್ಲಿ ಒತ್ತಿ ಹೇಳುವ ಮೊದಲ ಅಕ್ಷರ, ಅಂದರೆ 'ಬಾರ್ನ್'ನ ಬಕಾರ, ಯಜಮಾನ. ಮೊದಲ ಅರ್ಧದಲ್ಲಿ ಒತ್ತಿ ಹೇಳುವ ಅಕ್ಷರಗಳಲ್ಲಿ ಒಂದಾದರೂ ಅದಕ್ಕೆ ಓಗೊಡಬೇಕು. ನಮ್ಮ ಆದಿಪ್ರಾಸದಂತೆ ಎರಡನೆಯ ಅಕ್ಷರದಲ್ಲಿ ಹುಡುಕಬೇಡಿ. ಇಲ್ಲಿ 'ಬೂರೆ' ಓಗೊಡುತ್ತದೆ, 'ಪ್ರೂಟ್' ಮಾತ್ರ ಬೇರೆಯಾಗಿ ನಿಂತಿದೆ. ದಕ್ಷಿಣದ ಬವೇರಿಯದ ಉಚ್ಚಾರಣೆಯಲ್ಲಿ ಬಕಾರ ಪಕಾರವಾಗುತ್ತಿತ್ತು. ಅದನ್ನು ಬ್ರೂಟ್ ಎಂದು ತಿರುಗಿಸಿ ಓದಿ, ಮೂರೂ ಪದಗಳು ಒಟ್ಟಿಗೆ ಮೊಳಗುತ್ತವೆ. ಅದೇ ಪುಟದಲ್ಲಿ 'ನಾನು' ಎಂಬುದಕ್ಕೆ ಉತ್ತರ ಸೀಮೆಯ 'ಇಕ್' ಇದೆ. ಯಾವ ಊರಿನಲ್ಲೂ ಯಾರೂ ಹೀಗೆ ಎರಡು ಸೀಮೆಗಳನ್ನು ಬೆರೆಸಿ ಮಾತಾಡಿರಲಾರರು. ಹಾಡು ಊರೂರು ದಾಟಿ ಬಂದ ಗುರುತು ಅದು. ಅಚ್ಚಿನ ಪುಸ್ತಕದಲ್ಲಿ ಸಂಪಾದಕರು ತಿದ್ದಿದ್ದರೆ ಈ ಗುರುತು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಪ್ರತಿಗಳನ್ನು ನೋಡಲು ಯೂರೋಪಿಗೆ ಹೋಗಬೇಕಿಲ್ಲ. ಸೇಂಟ್ ಗ್ಯಾಲನ್‌ನ 857ನೆಯ ಸಂಖ್ಯೆಯ ಪ್ರತಿ, ಅಂದರೆ ಬಿ ಪ್ರತಿ, ಇ-ಕೋಡಿಸೆಸ್ ತಾಣದಲ್ಲಿ, ಕೋಡೆಕ್ಸ್ ರೇಗಿಯಸ್ ಐಸ್‌ಲ್ಯಾಂಡಿನ ಹಂಡ್ರಿಟ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಓಲೆಗರಿ ಓದಿದವರಿಗೆ ಗೊತ್ತು, ಅಲ್ಲಿ ಪದ್ಯವನ್ನೂ ಗದ್ಯದಂತೆ ಒತ್ತೊತ್ತಾಗಿ ಬರೆದಿರುತ್ತಾರೆ. ಕೋಡೆಕ್ಸ್ ರೇಗಿಯಸ್‌ನಲ್ಲಿಯೂ ಹಾಗೆಯೇ, ಸಾಲು ಒಡೆಯುವ ಕೆಲಸ ನಿಮ್ಮದು. ಸ್ವರದ ತಲೆಯ ಮೇಲೆ ಚಿಕ್ಕ ಅಡ್ಡಗೆರೆ ಕಂಡರೆ ಅಲ್ಲಿ ನಕಾರವೋ ಮಕಾರವೋ ಅಡಗಿದೆ. ನಮ್ಮ ಸೊನ್ನೆ ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಈ ವಾರ ಬಿ ಪ್ರತಿಯಲ್ಲಿ ನಿಬೆಲುಂಗರ ಕಾವ್ಯ ಆರಂಭವಾಗುವಲ್ಲಿಂದ ಮೊದಲ ಹತ್ತು ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ನಕಲು ಮಾಡಿ. ಅಚ್ಚಿನ ಪಾಠ ನೋಡಬೇಡಿ. ಓದಲಾಗದ ಅಕ್ಷರಕ್ಕೆ ಚುಕ್ಕಿ ಇಟ್ಟು ಮುಂದೆ ಹೋಗಿ. ಮುಗಿದ ಮೇಲೆ ಅಚ್ಚಿನೊಡನೆ ಹೋಲಿಸಿ, ಎಲ್ಲೆಲ್ಲಿ ತಪ್ಪಿತೆಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಆ ಪುಟದ ಫೋಟೋ ಇಲ್ಲೇ ಹಾಕಿ. ನನ್ನ ನಕಲನ್ನೂ ಅದರ ಕೆಳಗೆ ಹಾಕುತ್ತೇನೆ.