ದಿನಾ ಟು-ಡು ಲಿಸ್ಟ್ ಬರೆದರೂ ಕೆಲಸ ಮುಗಿಯುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆಯ ಜೊತೆಗೆ ನಿನ್ನೆಯ ಪಟ್ಟಿಯನ್ನೂ ಹಾಕಿದ್ದು ಒಳ್ಳೆಯದಾಯಿತು. ಬೆಳಿಗ್ಗೆ ಹದಿನೆಂಟು ಸಾಲು ಬರೆದಿದ್ದೀರಿ, ರಾತ್ರಿ ಗೀಟು ಬಿದ್ದಿರುವುದು ನಾಲ್ಕಕ್ಕೆ. ಆ್ಯಪ್ ಬದಲಾಯಿಸಿದರೂ ಹಾಗೇ ಆಗುತ್ತಿದೆ, ನಾನೇ ಸೋಮಾರಿಯಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಪಟ್ಟಿಯ ಅರ್ಧಕ್ಕರ್ಧ ಸಾಲುಗಳು ಇನ್ನೂ ಕೆಲಸದ ರೂಪಕ್ಕೆ ಬಂದಿಲ್ಲ. ‘ಕಾರ್ ಇನ್ಶೂರೆನ್ಸ್’, ‘ಅಪ್ಪನ ಕಣ್ಣು’, ‘ಪ್ರಾಜೆಕ್ಟ್ ರಿಪೋರ್ಟ್’, ‘ಇಂಗ್ಲಿಷ್ ಸುಧಾರಿಸಬೇಕು’. ಇವೆಲ್ಲ ತಲೆಯಲ್ಲಿರುವ ಚಿಂತೆಗಳ ಹೆಸರು. ಕೂತು ಏನು ಮಾಡಬೇಕು ಅನ್ನುವುದು ಅವುಗಳಲ್ಲಿ ಎಲ್ಲೂ ಇಲ್ಲ.

ನಾನು ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವವಳು. ತಿಂಗಳ ರಿಟರ್ನ್ ಹಾಕುವ ವ್ಯಾಪಾರಿಗಳದ್ದಾದರೆ 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಬಿಲ್‌ಗಳ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ, ಅಂದರೆ ತಿಂಗಳ ಜಿಎಸ್‌ಟಿ ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ರಿಟರ್ನ್. 3ಬಿ ಒಂದು ದಿನ ತಡವಾದರೂ ದಿನಕ್ಕೆ 50 ರೂಪಾಯಿ ಲೇಟ್ ಫೀ, ವಹಿವಾಟೇ ಇಲ್ಲದಿದ್ದರೆ 20 ರೂಪಾಯಿ. ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ ಬೇರೆ. ಮರೆತರೆ ಇನ್ನೊಬ್ಬರ ದುಡ್ಡು ಹೋಗುತ್ತದೆ. ಹಾಗಾಗಿ ಪಟ್ಟಿಯನ್ನು ಹೇಗೆ ಬರೆಯಬೇಕು ಅನ್ನುವುದರ ಬಗ್ಗೆ ನಮ್ಮಲ್ಲಿ ಬಹಳ ಕಟ್ಟುನಿಟ್ಟು.

ಒಂದು ಅಕ್ಕಿ ಗಿರಣಿಯ 3ಬಿ ಅಂತಲೇ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ‘ಗಿರಣಿ 3ಬಿ’ ಎಂದು ಬರೆದರೆ ಅದು 20ರ ಸಂಜೆಯವರೆಗೂ ಹಾಗೇ ಕೂತಿರುತ್ತದೆ. ಏಕೆಂದರೆ ಸಿಕ್ಕಿಕೊಂಡಿರುವ ಜಾಗ ಬೇರೆ. 14ಕ್ಕೆ ಪೋರ್ಟಲ್‌ನಲ್ಲಿ 2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ, ಬಂದಮೇಲೆ ಖರೀದಿ ಪುಸ್ತಕದ ಜೊತೆ ತಾಳೆ ನೋಡುತ್ತೇವೆ. ಗೋಣಿಚೀಲ ಕೊಟ್ಟವರ ಒಂದು ಬಿಲ್ ಅಲ್ಲಿ ಕಾಣುವುದಿಲ್ಲ, ಅವರು ಇನ್ನೂ ತಮ್ಮ ಜಿಎಸ್‌ಟಿಆರ್-1 ಹಾಕಿಲ್ಲ. ಆಗ ನಮ್ಮ ಪಟ್ಟಿಯ ಸಾಲು ಹೀಗಿರುತ್ತದೆ: ‘ಗಿರಣಿಯ ಲೆಕ್ಕ ಬರೆಯುವ ರೈಟರ್‌ಗೆ 10 ಗಂಟೆಗೆ ಫೋನ್, ಚೀಲದವರ ಬಿಲ್ ಫೋಟೋ ವಾಟ್ಸಾಪ್‌ಗೆ ಹಾಕಿಸಿಕೊಳ್ಳುವುದು, ಅವರ ನಂಬರ್ ಕೇಳುವುದು.’ ಈ ಸಾಲನ್ನು ಕಚೇರಿಗೆ ಹೊಸದಾಗಿ ಸೇರಿದ ಹುಡುಗನಿಗೆ ಕೊಟ್ಟರೂ ಏನನ್ನೂ ಕೇಳದೆ ಮಾಡಿ ಬರುತ್ತಾನೆ. ನಾನು ಬಳಸುವ ಪರೀಕ್ಷೆ ಇದೊಂದೇ: ಸಾಲನ್ನು ಬೇರೆಯವರ ಕೈಗೆ ಕೊಟ್ಟರೆ ‘ಅಂದರೆ ಏನು ಮಾಡಬೇಕು?’ ಅಂತ ಕೇಳುತ್ತಾರಾ? ಕೇಳಿದರೆ ಇನ್ನೊಮ್ಮೆ ಬರೆಯಬೇಕು.

ಈಗ ನಿಮ್ಮ ‘ಅಪ್ಪನ ಕಣ್ಣು’ ನೋಡಿ. ಅದು ಪಟ್ಟಿಯಲ್ಲಿ ಎಷ್ಟೋ ವಾರಗಳಿಂದ ಇದೆ ಅಂದಿರಿ. ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗಿ, ಕೈ ತಾನಾಗಿಯೇ ‘ಕರೆಂಟ್ ಬಿಲ್ ಕಟ್ಟು’ ಕಡೆಗೆ ಹೋಗುತ್ತದೆ. ಬಿಲ್ ಕಟ್ಟುವುದು ಹೇಗೆ ಎಂದು ಗೊತ್ತು. ಅಪ್ಪನ ವಿಷಯದಲ್ಲಿ ಮೊದಲು ಏನು ಮಾಡಬೇಕೆಂದೇ ಗೊತ್ತಿಲ್ಲ. ಯಾವ ಆಸ್ಪತ್ರೆ, ಪೊರೆ ಆಪರೇಷನ್ ಈಗಲೇ ಬೇಕಾ, ಆಯುಷ್ಮಾನ್ ಕಾರ್ಡ್ ನಡೆಯುತ್ತದಾ, ಶುಗರ್ ಇದ್ದರೆ ಮಾಡುತ್ತಾರಾ, ಯಾರು ಜೊತೆಗೆ ಇರುವುದು? ಇಷ್ಟೆಲ್ಲ ಎರಡು ಪದದೊಳಗೆ ತುಂಬಿಕೊಂಡಿದೆ. ಅದನ್ನು ಹೊಡೆದುಹಾಕಿ ಹೀಗೆ ಬರೆಯಿರಿ: ‘ಊಟ ಆದಮೇಲೆ ಅಮ್ಮನಿಗೆ ಫೋನ್ ಮಾಡಿ, ಹೋದ ಸಲ ಡಾಕ್ಟರ್ ಕೊಟ್ಟ ಚೀಟಿಯ ಫೋಟೋ ಕಳಿಸಲು ಹೇಳುವುದು.’ ಅಷ್ಟು ಸಾಕು. ಚೀಟಿ ಬಂದಮೇಲೆ ಮುಂದಿನ ಸಾಲು ತಾನಾಗಿ ಹೊಳೆಯುತ್ತದೆ.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನಃಶಾಸ್ತ್ರಜ್ಞೆ ಬ್ಲೂಮಾ ಜೈಗಾರ್ನಿಕ್ 1927ರಲ್ಲೇ ಬರೆದಿದ್ದರು. 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮುಗಿಯದ ಕೆಲಸದ ಯೋಚನೆ ಬೇರೆ ಕೆಲಸದ ಗಮನವನ್ನು ಕೆಡಿಸುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಎಂದು ನಿರ್ದಿಷ್ಟವಾಗಿ ಯೋಜಿಸಿಕೊಂಡವರಲ್ಲಿ, ಕೆಲಸ ಇನ್ನೂ ಆಗದಿದ್ದರೂ, ಆ ಕಾಟ ಇರಲಿಲ್ಲ. ಬರೀ ಹೆಸರು ಬರೆದಿಟ್ಟರೆ ಈ ನಿರಾಳ ಸಿಗದು.

ಎರಡನೆಯದು, ನಿಮ್ಮ ದಿನದ ಅಳತೆ. ಹದಿನೆಂಟು ಕೆಲಸ ಬರೆಯುವ ಮೊದಲು ಇವತ್ತು ನಿಮ್ಮ ಕೈಯಲ್ಲಿ ನಿಜವಾಗಿ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿದ್ದೀರಾ? ನನ್ನದು ಕಾಗದದ ಮೇಲೆ ಎಂಟು ಗಂಟೆ. ಜನ ಬರುವುದು, ಫೋನು, ಓಟಿಪಿಗಾಗಿ ಕಾಯುವುದು ಎಲ್ಲ ಕಳೆದರೆ ಅಡ್ಡಿಯಿಲ್ಲದೆ ಕೂರಲು ಸಿಗುವುದು ಮೂರು ಗಂಟೆ, ಅದೂ ಬೆಳಿಗ್ಗೆ ಅಂಗಡಿಗಳವರು ಬರುವ ಮೊದಲು. ಆ ಮೂರು ಗಂಟೆಯಲ್ಲಿ ಹಿಡಿಸುವಷ್ಟೇ ದೊಡ್ಡ ಕೆಲಸವನ್ನು ಅವತ್ತಿನ ಚೀಟಿಗೆ ಹಾಕುತ್ತೇನೆ. ಉಳಿದದ್ದು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಇರುತ್ತದೆ. ತಲೆಗೆ ಬಂದದ್ದನ್ನೆಲ್ಲ ಬರೆಯಲು ನೋಟ್‌ಬುಕ್, ಇವತ್ತು ಮಾಡುವುದಕ್ಕೆ ಚೀಟಿ. ನೀವು ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದ್ದೀರಿ, ಅದಕ್ಕೇ ರಾತ್ರಿ ಸೋತ ಹಾಗೆ ಅನಿಸುವುದು.

ಅಂದಾಜು ತಪ್ಪುವುದು ಮಾತ್ರ ಎಲ್ಲರಿಗೂ ಆಗುತ್ತದೆ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುತ್ತದೆ ಅಂದಿದ್ದರು. ಎಲ್ಲವೂ ಕೆಟ್ಟರೆ ಎಷ್ಟು ಎಂದು ಕೇಳಿದಾಗ ಸುಮಾರು 49 ಅಂದರು. ಕೊನೆಗೆ ಹಿಡಿದದ್ದು ಸುಮಾರು 55. ಹಾಗಾಗಿ ನಿಮ್ಮ ‘ಪ್ರಾಜೆಕ್ಟ್ ರಿಪೋರ್ಟ್’ಗೆ ಒಂದು ಗಂಟೆ ಅನಿಸಿದರೆ ಎರಡು ಗಂಟೆ ಬಿಟ್ಟುಕೊಳ್ಳಿ, ಅದೂ ‘ಮೂರನೇ ಭಾಗದ ಟೇಬಲ್ ತುಂಬುವುದು’ ಎಂದು ಒಡೆದು ಬರೆದಮೇಲೆ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪಟ್ಟಿಯಲ್ಲಿ ಕೆಲವು ಕೆಲಸ ನಿಮ್ಮ ಕೈಯಲ್ಲಿವೆ, ಕೆಲವು ಇನ್ನೊಬ್ಬರ ಕೈ ದಾಟಿ ಬರಬೇಕು. ಇನ್ನೊಬ್ಬರದ್ದನ್ನು ಬೆಳಿಗ್ಗೆಯೇ ಮೊದಲು ಮಾಡಿ. ಹತ್ತಕ್ಕೆ ಕೇಳಿದ ಬಿಲ್ ಎರಡಕ್ಕೆ ಬರುತ್ತದೆ, ಅಷ್ಟರಲ್ಲಿ ನಿಮ್ಮ ಕೆಲಸ ನಡೆದಿರುತ್ತದೆ. ಸಂಜೆ ನಾಲ್ಕಕ್ಕೆ ಕೇಳಿದರೆ ನಾಳೆಯ ಮಾತು. ಚೀಟಿಯ ಕೆಳಗೆ ‘ಬರಬೇಕಾದ್ದು’ ಅಂತ ಒಂದು ಗೆರೆ ಎಳೆದು ಯಾರಿಂದ, ಏನು, ಯಾವತ್ತು ಕೇಳಿದ್ದು ಎಂದು ಬರೆದಿಡಿ. ನಮ್ಮ ಕಚೇರಿಯಲ್ಲಿ ತಿಂಗಳ ಮೂರನೇ ವಾರವನ್ನು ಉಳಿಸುವುದೇ ಈ ನಾಲ್ಕಾರು ಸಾಲು.

ಚೀಟಿಯನ್ನು ಸಂಜೆ ಹೊರಡುವ ಮೊದಲು ಬರೆಯಿರಿ, ಬೆಳಿಗ್ಗೆ ಬೇಡ. ಎಲ್ಲಿಗೆ ನಿಲ್ಲಿಸಿದ್ದೀರಿ ಎಂಬುದು ಆಗ ಹಸಿಯಾಗಿ ನೆನಪಿರುತ್ತದೆ. ಆಗದೆ ಉಳಿದ ಸಾಲನ್ನು ಮರುದಿನದ ಚೀಟಿಗೆ ಕೈಯಿಂದಲೇ ಮತ್ತೆ ಬರೆಯಬೇಕು. ಮೂರನೇ ಸಲ ಬರೆಯುವಾಗ ನಿಲ್ಲಿಸಿ ನೋಡಿ: ಒಂದೋ ಅದು ಇನ್ನೂ ದೊಡ್ಡದಿದೆ, ಒಡೆಯಬೇಕು, ಇಲ್ಲವೇ ಅದಕ್ಕೊಂದು ದಿನಾಂಕ ಬೇಕು, ಅದೂ ಇಲ್ಲವಾದರೆ ಅದು ನಿಮಗೆ ಬೇಕಿಲ್ಲ, ಧೈರ್ಯವಾಗಿ ಹೊಡೆದುಹಾಕಿ. ‘ಇಂಗ್ಲಿಷ್ ಸುಧಾರಿಸಬೇಕು’ ಅನ್ನುವುದು ಯಾವತ್ತೂ ಮುಗಿಯುವ ಕೆಲಸವಲ್ಲ, ಅದಕ್ಕೆ ಪಟ್ಟಿ ಬೇಡ, ದಿನಕ್ಕೊಂದು ಹೊತ್ತು ಗೊತ್ತುಮಾಡಿ.

ಆ್ಯಪ್ ಯಾವುದು ಅಂತ ಕೇಳಿದ್ದೀರಿ. ಚೀಟಿಗೆ ಕಾಗದವೇ ಸಾಕು. ತಾರೀಖು ಇರುವಂಥದ್ದನ್ನು ಮಾತ್ರ ಫೋನಿನ ಕ್ಯಾಲೆಂಡರಿಗೆ ಹಾಕಿ, ಎರಡು ಅಲಾರಂ ಸಮೇತ. ಕಾರ್ ಇನ್ಶೂರೆನ್ಸನ್ನು ಇವತ್ತೇ ಹಾಕಿ: ಪಾಲಿಸಿ ಮುಗಿಯುವ ದಿನಕ್ಕೆ ಹದಿನೈದು ದಿನ ಮೊದಲು ಒಂದು, ಮೂರು ದಿನ ಮೊದಲು ಇನ್ನೊಂದು. ಅವಧಿ ಮೀರಿ 90 ದಿನ ದಾಟಿದರೆ ಇಷ್ಟು ವರ್ಷ ಕೂಡಿಸಿಕೊಂಡ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೈಬಿಟ್ಟು ಹೋಗುತ್ತದೆ.